ಎರಡಾದ ನೀಲಗಂಗಾ, ಒಬ್ಬರೇ ಮಾಸ್ತರು

ನನ್ನ ಮದುವೆಯ ಹಂದರಕ್ಕೆ ಬಿದಿರಿನ ಗಳ ತರಲು ಜನ ಹೋಗಿದ್ದ ದಿನವೇ ನಾನು ಎರಡಾದೆ. ಬೇರೆ ಯಾವ ದಿನವಾಗಿದ್ದರೂ ಓಣಿಯವರು ಬಂದು, ಸಕ್ಕರೆ ಹಂಚಿ, ಪಾತ್ರೆ ಪಡಗ ಪಾಲು ಮಾಡಿಕೊಟ್ಟು, ನಗುತ್ತ ಮನೆಗೆ ಹೋಗುತ್ತಿದ್ದರು. ಅಂದು ಯಾರೂ ನಗಲಿಲ್ಲ. ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ಪಕ್ಕದಲ್ಲಿದ್ದ ನನ್ನನ್ನು ನೋಡಿದರು, ಬಾಯಿಗೆ ಸೆರಗು ಹಿಡಿದುಕೊಂಡು ನಿಂತರು.

ನಮ್ಮ ಊರಿನಲ್ಲಿ ಹಳ್ಳದ ಈಚೆಗೆ ತಗ್ಗಿನ ಓಣಿ, ಆಚೆಗೆ ದಿನ್ನೆ ಓಣಿ. ನಾನು ತಗ್ಗಿನ ಓಣಿಯವಳು. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮನೆ, ಮನೆಗೆ ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಮಗ್ಗ, ಅದರಲ್ಲೇ ಹಾಸಿಗೆ. ನಮ್ಮ ಸೀರೆ ನಾವೇ ನೇಯಬೇಕು, ನಮ್ಮ ಚಪ್ಪಲಿ ನಾವೇ ಹೊಲಿಯಬೇಕು, ಹಲ್ಲು ನೋವಾದರೆ ನಾವೇ ದಾರ ಕಟ್ಟಿ ಕಿತ್ತುಕೊಳ್ಳಬೇಕು. ಯಾವ ಕೆಲಸವೂ ಬಹಳ ಚೆಂದ ಬರುವುದಿಲ್ಲ, ಆದರೆ ಯಾವ ಕೆಲಸವೂ ಇನ್ನೊಬ್ಬರಿಗಾಗಿ ಕಾದು ನಿಲ್ಲುವುದಿಲ್ಲ. ಹೊಟ್ಟೆ ತುಂಬ ಉಂಡು, ಮನಸಾರೆ ನಕ್ಕು, ಮೈ ತುಂಬಿಕೊಂಡಾಗ ನಾವು ಇಬ್ಬರಾಗುತ್ತೇವೆ. ತೂಕ ಅರ್ಧರ್ಧ ಆಗುತ್ತದೆ, ನೆನಪು ಮಾತ್ರ ಇಬ್ಬರಿಗೂ ಪೂರ್ತಿ ಬರುತ್ತದೆ. ಹೆಸರನ್ನೂ ಮುರಿದು ಹಂಚಿಕೊಳ್ಳುತ್ತೇವೆ. ಉದ್ದನೆಯ ಹೆಸರು ಇಟ್ಟುಕೊಳ್ಳುವುದು ಅದಕ್ಕೇ. ದಿನ್ನೆಯವರು ಒಡಹುಟ್ಟಿದವರು ಅನ್ನುತ್ತಾರಲ್ಲ, ನಮ್ಮಲ್ಲಿ ಅಂಥವರನ್ನು ಒಡೆದು ಹುಟ್ಟಿದವರು ಎಂದೇ ಕರೆಯುತ್ತಾರೆ.

ದಿನ್ನೆ ಓಣಿಯ ಮನೆಗಳು ದೊಡ್ಡವು. ಒಂದೊಂದರಲ್ಲೂ ತುಂಬ ಜನ, ಒಬ್ಬೊಬ್ಬರದು ಒಂದೊಂದೇ ಕೆಲಸ. ಅಡಿವೆಪ್ಪ ಮಾಸ್ತರರ ಮನೆಯನ್ನೇ ತೆಗೆದುಕೊಳ್ಳಿ. ಅವರ ಅಜ್ಜಿ ಹಾಲವ್ವನದು ಉಪ್ಪು ನೋಡುವ ಕೆಲಸ. ಅವರ ಅವ್ವ ಫಕೀರವ್ವನದು ಒಲೆ. ಕಲ್ಲಪ್ಪ ಕಾಕಾನದು ಬಾಗಿಲು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಕಟ್ಟೆಯ ಮೇಲೇ ಕೂರಿಸಿ ನೀರು ಕೊಟ್ಟು ಕಳಿಸಬೇಕು ಎಂದು ನೋಡಿ ಅಗಳಿ ಹಾಕುವುದು, ತೆಗೆಯುವುದು. ಅಡಿವೆಪ್ಪ ಮಾಸ್ತರರದು ನೋಡುವ ಕೆಲಸ. ಮೋಡ ಎತ್ತ ಹೊರಟಿದೆ, ಸಂತೆಗೆ ಯಾವ ಕಾಯಿಪಲ್ಲೆ ಬಂದಿದೆ, ಹಳ್ಳಕ್ಕೆ ನೀರು ಎಷ್ಟು ಏರಿದೆ ಎಂದು ನೋಡಿ ಬಂದು ಮನೆಗೆ ಹೇಳಬೇಕು. ಅವರ ನೋಟ ಬಹಳ ಚುರುಕು ಎಂದೇ ಶಾಲೆಯವರು ವಿಜ್ಞಾನ ಕಲಿಸಲು ಕರೆದುಕೊಂಡಿದ್ದರು. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಬರುತ್ತಿರಲಿಲ್ಲ. ಅದು ಮನೆಯಲ್ಲಿ ಇನ್ನೊಬ್ಬರ ಕೆಲಸ.

ಶಾಲೆಯ ಮಾಡಿನ ಹೆಂಚು ಸರಿಮಾಡಲು ಹೋದಾಗ ನಾನು ಅವರನ್ನು ಮೊದಲು ಹತ್ತಿರದಿಂದ ನೋಡಿದ್ದು. ಅವರು ಮೇಜಿನ ಮುಂದೆ ಸಪ್ಪಗೆ ಕುಳಿತಿದ್ದರು. ಮೇಜಿನ ಮೇಲೆ ಸೂಕ್ಷ್ಮದರ್ಶಕ ಇತ್ತು.

"ಏನಾಗೇತ್ರಿ ಮಾಸ್ತರ?" ಎಂದೆ ಏಣಿಯ ಮೇಲಿಂದ.

"ತಿರುಪು ಬಿಗಿಯಾಗೇತಿ. ತಿರಗವಲ್ಲದು."

"ತಿರುಗಸ್ರಲ್ಲ ಮತ್ತ."

"ನನಗ ನೋಡಾಕಷ್ಟ ಬರತೈತ್ರಿ," ಎಂದರು ಅವರು, ಒಂದಿಷ್ಟೂ ನಾಚಿಕೆಯಿಲ್ಲದೆ.

ನಾನು ಇಳಿದು ಬಂದು, ತಿರುಪಿಗೆ ಎರಡು ಹನಿ ಔಡಲೆಣ್ಣೆ ಬಿಟ್ಟು, ಸೆರಗಿನಲ್ಲಿ ಹಿಡಿದು ತಿರುಗಿಸಿದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಹುಡುಗರಿಗಿಂತ ಮೊದಲು ನನಗೇ ತೋರಿಸಿದರು. ಗಾಜಿನ ಮೇಲೆ ಹೊಂಡದ ನೀರಿನ ಒಂದು ಹನಿ ಇತ್ತು. ಕಣ್ಣಿಟ್ಟೆ. ಚಪ್ಪಲಿಯ ಅಟ್ಟೆಯ ಹಾಗಿದ್ದ ಒಂದು ಜೀವ ಗಿರಗಿರನೆ ಓಡಾಡುತ್ತಿತ್ತು.

"ಅದಕ್ಕ ಇರೋದು ಒಂದ ಕೋಶ," ಎಂದರು ಮಾಸ್ತರರು. "ಉಣ್ಣೋದು, ಓಡೋದು, ಉಸರಾಡೋದು, ಬ್ಯಾಡಾದ್ದನ್ನ ಹೊರಗ ಹಾಕೋದು, ಎಲ್ಲಾ ಅದರಾಗ."

ಅದರ ಪಕ್ಕದಲ್ಲೇ ಇನ್ನೊಂದು ನಡುವಿನಲ್ಲಿ ಸಣ್ಣಗಾಗುತ್ತಿತ್ತು, ಸೊಂಟಕ್ಕೆ ಬಿಗಿಯಾಗಿ ದಾರ ಕಟ್ಟಿದ ಹಾಗೆ. ನಾನು ನೋಡುತ್ತಿದ್ದಂತೆಯೇ ಅದು ಎರಡಾಯಿತು. ಎರಡೂ ಏನೂ ಆಗಿಲ್ಲವೆಂಬಂತೆ ಒಂದೊಂದು ಕಡೆಗೆ ಹೊರಟುಹೋದವು.

"ಅಯ್ಯ, ಇದು ನಮ್ಮ ಓಣೀದು!" ಎಂದು ನಾನು ಕೂಗಿದೆ.

ಅವರು ನಕ್ಕರು. ಆಮೇಲೆ ಉಳ್ಳಾಗಡ್ಡಿಯ ತೆಳು ಸಿಪ್ಪೆಯೊಂದನ್ನು ಗಾಜಿನ ಮೇಲಿಟ್ಟು ತೋರಿಸಿದರು. ಗೋಡೆ ಕಟ್ಟಿದ ಹಾಗೆ ಒಂದಕ್ಕೊಂದು ಅಂಟಿಕೊಂಡ ಸಾಲು ಸಾಲು ಕೋಶಗಳು. "ಇವು ಹಂಗಲ್ಲ. ಒಬ್ಬರನ್ನೊಬ್ಬರು ಬಿಟ್ಟ ಇರೂದಿಲ್ಲ. ಸಿಪ್ಪಿದು ಸಿಪ್ಪೀ ಕೆಲಸ, ಬೇರಿಂದು ಬೇರಿನ ಕೆಲಸ. ಅದಕ್ಕ ಉಳ್ಳಾಗಡ್ಡಿ ಅಷ್ಟ ದೊಡ್ಡದಾಗತೈತಿ."

"ಅಂದ್ರ ನಿಮ್ಮ ಮನಿ."

"ನಮ್ಮ ಮನಿ," ಎಂದರು. ಹಾಗೆನ್ನುತ್ತ ಅವರು ನನ್ನನ್ನು ನೋಡಿದ ರೀತಿ, ಹನಿಯೊಳಗಿನ ಜೀವವನ್ನು ನೋಡುವಷ್ಟೇ ಗಮನದ್ದಾಗಿತ್ತು.

ಅಂದಿನಿಂದ ಅವರು ಏನಾದರೂ ಮುರಿದದ್ದನ್ನು ಹಿಡಿದುಕೊಂಡು ಹಳ್ಳ ದಾಟಿ ನನ್ನ ಮನೆಗೆ ಬರತೊಡಗಿದರು. ಮೊದಲು ಛತ್ರಿ, ಆಮೇಲೆ ಲಾಟೀನು, ಆಮೇಲೆ ಗುಂಡಿ ಹರಿದ ಅಂಗಿ. ಮನೆಯಲ್ಲಿ ಮುರಿದದ್ದೆಲ್ಲ ಮುಗಿದ ಮೇಲೆ ಮುರಿಯದ ಹಿತ್ತಾಳೆ ತಂಬಿಗೆಯೊಂದನ್ನು ತಂದು ನನ್ನ ಮುಂದಿಟ್ಟು, ಸುಮ್ಮನೆ ಕುಳಿತರು. "ಇದಕ್ಕೇನಾಗೇತಿ?" ಎಂದು ಕೇಳಿದೆ. "ಇದಕ್ಕೇನೂ ಆಗಿಲ್ಲ," ಎಂದರು. ಮಾತು ಅಲ್ಲಿಗೆ ಬಂದು ನಿಂತಿತು. ತಂಬಿಗೆ ನನ್ನ ಮನೆಯಲ್ಲೇ ಉಳಿಯಿತು.

ಅವರ ಮನೆಯವರು ಮದುವೆಗೆ ಒಪ್ಪುವುದು ಅಷ್ಟು ಸುಲಭವಾಗಿರಲಿಲ್ಲ. ನನ್ನನ್ನು ನೋಡಲು ಊಟಕ್ಕೆ ಕರೆದ ದಿನ ಸಾರು ಸಪ್ಪಗಿತ್ತು. ನಾನು ಅಭ್ಯಾಸಬಲದಿಂದ ಕೈ ಚಾಚಿ ಉಪ್ಪು ಹಾಕಿಕೊಂಡೆ. ಸಾಲಿನಲ್ಲಿ ಕುಳಿತವರೆಲ್ಲ ಊಟ ನಿಲ್ಲಿಸಿದರು. ಹಾಲವ್ವಜ್ಜಿಯ ಕಣ್ಣಲ್ಲಿ ನೀರು ಬಂತು. "ನನ್ನ ನಾಲಿಗಿ ಕಸಗೊಂಡ್ಲು ಈಕಿ," ಎಂದಿತು ಮುದುಕಿ. ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತು, ನನ್ನ ಬಟ್ಟಲನ್ನು ಅವಳ ಮುಂದೆ ಹಿಡಿದೆ. "ಆಯಿ, ಹೆಚ್ಚಾತೋ ಕಡಿಮ್ಯಾತೋ, ನೀನ ಹೇಳು." ಅವಳು ಬೆರಳು ಅದ್ದಿ ನೆಕ್ಕಿ, ಬಹಳ ಹೊತ್ತು ಯೋಚಿಸಿ, "ಸರಿ ಐತಿ," ಎಂದಳು. ಬೇಸರದಿಂದಲೇ ಅಂದಳು, ಆದರೆ ಅಂದಳು. ಅದಾದ ಮೇಲೆ ಮದುವೆ ಗಟ್ಟಿಯಾಯಿತು.

ಆಮೇಲಾದದ್ದಕ್ಕೆಲ್ಲ ಆ ಮನೆಯ ಊಟವೇ ಕಾರಣ. ಹುಟ್ಟಿದಾಗಿನಿಂದ ಒಲೆಯೊಂದನ್ನೇ ನೋಡಿಕೊಂಡವಳು ಅಡುಗೆ ಮಾಡಿ, ಹುಟ್ಟಿದಾಗಿನಿಂದ ರೊಟ್ಟಿಯನ್ನೇ ಬಡಿದವಳು ರೊಟ್ಟಿ ಬಡಿದು, ಅಷ್ಟು ವರ್ಷ ಉಪ್ಪನ್ನೇ ನೋಡಿದವಳು ಉಪ್ಪು ನೋಡಿದರೆ ಊಟ ಹೇಗಿರುತ್ತದೆ ಎಂದು ತಗ್ಗಿನ ಓಣಿಯವರಿಗೆ ಗೊತ್ತೇ ಇಲ್ಲ. ಮದುವೆಯ ಹೆಣ್ಣು ಎಂದು ದಿನವೂ ಬುತ್ತಿ ಕಳಿಸುತ್ತಿದ್ದರು. ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮಾದಲಿ. ನಾನು ಉಂಡೆ. ಮಾಸ್ತರರು ಸಂಜೆ ಬಂದು ಏನೇನೋ ಹೇಳಿ ನಗಿಸುತ್ತಿದ್ದರು. ನಾನು ನಕ್ಕೆ. ರವಿಕೆಯ ಹೊಲಿಗೆ ಬಿಚ್ಚಿ ಎರಡು ಸಲ ದೊಡ್ಡದು ಮಾಡಿಕೊಂಡೆ. ಎರಡಾಗುವುದಕ್ಕೆ ಮುಂಚೆ ನಮ್ಮವರಿಗೆ ಮಾತು ಜೋಡಿಯಾಗುತ್ತದೆ, ಆಡಿದ್ದನ್ನೇ ಎರಡೆರಡು ಸಲ ಆಡುತ್ತೇವೆ. ಆದರೆ ಮದುವೆ ಮನೆಯಲ್ಲಿ "ಬರ್ರಿ ಬರ್ರಿ, ಕೂಡ್ರಿ ಕೂಡ್ರಿ" ಅನ್ನದವರು ಯಾರಿದ್ದಾರೆ? ಯಾರಿಗೂ ಗೊತ್ತಾಗಲಿಲ್ಲ, ನನಗೂ.

ಆ ಮಧ್ಯಾಹ್ನ ಹೋಳಿಗೆ ಉಂಡು, ಎಲೆಯಡಿಕೆ ಹಾಕಿಕೊಂಡು ಮಲಗಿದೆ. ಎದ್ದಾಗ ಮೈ ಹಗುರಾಗಿತ್ತು. ಪಕ್ಕದಲ್ಲಿ ಯಾರೋ ಆಕಳಿಸುತ್ತಿದ್ದರು. ತಿರುಗಿ ನೋಡಿದರೆ ನಾನೇ.

"ಅಯ್ಯ, ಮದುವಿ!" ಎಂದೆವು ಇಬ್ಬರೂ ಒಮ್ಮೆಲೇ.

ನೀಲಗಂಗಾ ಎಂಬ ಹೆಸರು ಹಂಚಿಕೊಳ್ಳುವುದು ಕಷ್ಟವಾಗಲಿಲ್ಲ. ಗೋಡೆಯ ಕಡೆಗೆ ಮಲಗಿದ್ದ ನಾನು ನೀಲಾ ಆದೆ, ಬಾಗಿಲ ಕಡೆಗಿದ್ದವಳು ಗಂಗಾ ಆದಳು. ಪಾಲು ಮಾಡಲು ನಮ್ಮ ಓಣಿಯ ಪಂಚರು ಬಂದರು, ಗುರು ಮತ್ತು ಶಾಂತ. ಅವರಿಬ್ಬರೂ ಹಿಂದೊಮ್ಮೆ ಗುರುಶಾಂತ ಎಂಬ ಒಬ್ಬನೇ ಆಗಿದ್ದವರು. ಎರಡಾದಂದಿನಿಂದ ಒಂದು ಮಾತಿಗೂ ಒಪ್ಪಿದವರಲ್ಲ. ಇವನು ಹೌದೆಂದರೆ ಅವನು ಅಲ್ಲ ಅನ್ನಬೇಕು. ಕೋಣೆಯ ನಡುವೆ ಸೀರೆ ಕಟ್ಟಿ ಅರ್ಧ ಮಾಡಿದರು. ಪಾತ್ರೆ ಹಂಚಿದರು. ಮಗ್ಗವನ್ನು ಬೆಳಗ್ಗೆ ಒಬ್ಬಳಿಗೆ, ಮಧ್ಯಾಹ್ನ ಒಬ್ಬಳಿಗೆ ಎಂದರು. ಕೊನೆಗೆ ಗುರು ಗಂಟಲು ಸರಿಮಾಡಿಕೊಂಡು ಕೇಳಿದ.

"ಮಾಸ್ತರನ್ನ ಹ್ಯಾಂಗ ಹಂಚೂದು?"

"ಮಾಸ್ತರನ್ನ ಹಂಚಾಕ ಬರೂದಿಲ್ಲ," ಎಂದ ಶಾಂತ.

"ಹಂಚಾಕ ಬರಲಾರದ್ದು ಇಬ್ಬರಿಗೂ ಇಲ್ಲ."

"ಹೌದು. ಇಬ್ಬರಿಗೂ ಇಲ್ಲ."

ಓಣಿಯವರೆಲ್ಲ ಬೆರಗಾದರು. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲನೆಯ ಮಾತು ಅದು. ನಮ್ಮ ಓಣಿಯ ಕಟ್ಟಳೆಯೂ ಅದೇ ಆಗಿತ್ತು. ಹಿಂದೆ ಇಬ್ಬರು ಒಂದೇ ಹಾಲಿನ ಆಡು ತಮಗೆ ಬೇಕೆಂದು ಹಟ ಹಿಡಿದಾಗ ಅದನ್ನು ಶಾಲೆಯ ಮಕ್ಕಳಿಗೆ ಕೊಟ್ಟುಬಿಟ್ಟಿದ್ದರು. ಒಬ್ಬಳು ತಾನಾಗಿ ಬಿಟ್ಟುಕೊಟ್ಟರೆ ಮಾತು ಬೇರೆ. ಬಿಟ್ಟುಕೊಡುತ್ತೀಯಾ ಎಂದು ನನ್ನನ್ನು ಕೇಳಿದರು. ನಾನು ಗಂಗಾಳ ಮುಖ ನೋಡಿದೆ. ಗಂಗಾಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ಇಬ್ಬರ ಕಣ್ಣಲ್ಲೂ ನೀರಿತ್ತು, ಒಬ್ಬಳೂ ಬಿಟ್ಟುಕೊಡಲಿಲ್ಲ.

ದಿನ್ನೆ ಓಣಿಯಲ್ಲಿ ಕಲ್ಲಪ್ಪ ಕಾಕಾ ಅಗಳಿಯ ಮೇಲೆ ಕೈಯಿಟ್ಟು ಹೇಳಿದ, "ಮಾತಾಗಿದ್ದು ಒಬ್ಬಾಕಿಗೆ. ಈ ಬಾಗಲದಾಗ ಒಬ್ಬಾಕಿನ್ನ ಬಿಡ್ತೀನಿ. ಯಾರಂತ ನೀವ ಹೇಳ್ರಿ." ಅಡಿವೆಪ್ಪ ಮಾಸ್ತರರು ನಮ್ಮಿಬ್ಬರ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಊರಿಗೆಲ್ಲ ಚುರುಕಾದ ಕಣ್ಣು ಅವರದು. ಕೊನೆಗೆ ತಲೆ ತಗ್ಗಿಸಿ, "ಸುಳ್ಳ ಯಾಕ ಹೇಳ್ಲಿ? ಇಬ್ಬರನ್ನ ನೋಡಿದರೂ ನನಗ ಒಬ್ಬಾಕಿನ ಕಾಣ್ತಾಳ," ಎಂದರು. ಆ ಮಾತು ಕೇಳಿ ನನಗೆ ಅವರ ಮೇಲಿನ ಪ್ರೀತಿ ಹೆಚ್ಚಾಯಿತು. ಗಂಗಾಳಿಗೂ ಹೆಚ್ಚಾಯಿತು. ಅದೇ ತೊಂದರೆ. ಹಂದರದ ಗಳಗಳನ್ನು ಗೋಡೆಗೆ ಒರಗಿಸಿಟ್ಟರು.

ನಾವಿಬ್ಬರೂ ಜಗಳವಾಡಲಿಲ್ಲ. ಜಗಳವಾಡಲು ಇನ್ನೊಬ್ಬರ ಮಾತು ಗೊತ್ತಿರಬಾರದು. ನಾನು ಬಾಯಿ ತೆರೆಯುವಷ್ಟರಲ್ಲಿ ಸೀರೆಯ ಆಚೆಯಿಂದ ಅದೇ ಮಾತು ಬರುತ್ತಿತ್ತು. ಅವಳು ಬಿಟ್ಟುಕೊಡಲಿ ಎಂದು ನಾನು ಕಾಯುತ್ತಿದ್ದೆ, ನಾನು ಬಿಟ್ಟುಕೊಡಲಿ ಎಂದು ಅವಳು ಕಾಯುತ್ತಿದ್ದಳು. ಒಂದು ದಿನ ಇಬ್ಬರೂ ಒಂದೇ ಹೊತ್ತಿಗೆ ಬದನೆಕಾಯಿ ಹೆಚ್ಚುತ್ತ, ಒಂದೇ ಹೊತ್ತಿಗೆ ಬೆರಳು ಕೊಯ್ದುಕೊಂಡು, ಒಂದೇ ಬೈಗುಳ ಬೈದೆವು. ಆಗ ಮಾತ್ರ ನಗು ತಡೆಯಲಾಗಲಿಲ್ಲ. ಸೀರೆ ಸರಿಸಿ, ಒಬ್ಬರ ಬೆರಳಿಗೆ ಒಬ್ಬರು ಅರಿಸಿನ ಹಚ್ಚಿಕೊಂಡೆವು.

ಅಷ್ಟರಲ್ಲಿ ದಿನ್ನೆ ಓಣಿಗೆ ಜ್ವರ ಬಂತು. ಶಾಲೆಯ ಮಕ್ಕಳು ಓಡಿ ಬಂದು, ಮಾಸ್ತರರು ಬಂದಿಲ್ಲ, ಅವರ ಮನೆಯ ಬಾಗಿಲೇ ತೆಗೆದಿಲ್ಲ ಎಂದರು. ನಾವಿಬ್ಬರೂ ಓಡಿದೆವು. ಬಾಗಿಲು ಮುಚ್ಚಿತ್ತು. ಮಾಸ್ತರರು ಕಿಟಕಿಯ ಸರಳು ಹಿಡಿದು ನಿಂತಿದ್ದರು.

"ಕಾಕಾಗ ಜ್ವರ ಬಂದಾವು. ಎಚ್ಚರಿಲ್ಲ. ಬಾಗಲಾ ತೆಗೆಯಾವರಿಲ್ಲ."

"ನೀವ ತೆಗೀರಲ್ಲ!" ಎಂದೆವು ನಾವು.

ಅವರು ಬಾಗಿಲ ಕಡೆ ನೋಡಿದರು, ತಮ್ಮ ಕೈ ನೋಡಿಕೊಂಡರು. "ಹ್ಯಾಂಗ?" ಎಂದರು. ಹಿಂದೆ ನಿಂತಿದ್ದ ಫಕೀರವ್ವ, "ನೀರ ತರಾಕಿ ಹೊರಗ ಹೋಗಾಂಗಿಲ್ಲ, ನೀರಿಲ್ಲದ ಒಲಿ ಹಚ್ಚಾಂಗಿಲ್ಲ, ಎಲ್ಲಾರೂ ನಿನ್ನಿಯಿಂದ ಉಪವಾಸ ಅದೀವಿ," ಎಂದು ಅಳುವ ದನಿಯಲ್ಲಿ ಹೇಳಿದಳು. ಅಷ್ಟು ದೊಡ್ಡ ಮನೆ. ಒಬ್ಬ ಮಲಗಿದ್ದಕ್ಕೆ ಎಲ್ಲವೂ ನಿಂತುಹೋಗಿತ್ತು.

ಗೋಡೆಗೆ ಏಣಿ ಒರಗಿಸಿ, ಮಾಳಿಗೆ ಹತ್ತಿ, ಬೆಳಕಿಂಡಿಯಿಂದ ಒಬ್ಬರು ಇಳಿಯಬೇಕಿತ್ತು. ಇತ್ತ ಮಕ್ಕಳು ನಮ್ಮ ಹಿಂದೆಯೇ ಬಂದು ಓಣಿಯಲ್ಲಿ ಗದ್ದಲ ಎಬ್ಬಿಸಿದ್ದರು. ಅವರನ್ನು ಯಾರಾದರೂ ಶಾಲೆಗೆ ಕರೆದೊಯ್ಯಬೇಕಿತ್ತು. ಏಣಿ ಗಂಗಾಳ ಕೈಯ ಹತ್ತಿರ ಇತ್ತು. ಮಕ್ಕಳು ನನ್ನ ಸೆರಗು ಹಿಡಿದಿದ್ದರು. ಅವಳು ಹತ್ತಿದಳು, ನಾನು ನಡೆದೆ. ನಮ್ಮಿಬ್ಬರಲ್ಲಿ ಏನೋ ವ್ಯತ್ಯಾಸವಿತ್ತು, ಅದಕ್ಕೇ ಹಾಗಾಯಿತು ಎಂದು ಈಗ ಜನ ಅನ್ನುತ್ತಾರೆ. ಏನೂ ಇರಲಿಲ್ಲ. ಏಣಿ ಆ ಕಡೆಗಿತ್ತು, ಅಷ್ಟೇ.

ಗಂಗಾ ಬಾಗಿಲು ತೆಗೆದದ್ದೇನೋ ಹೌದು. ಆದರೆ ಜ್ವರ ಕಲ್ಲಪ್ಪ ಕಾಕಾನಿಂದ ಫಕೀರವ್ವನಿಗೆ, ಫಕೀರವ್ವನಿಂದ ನೀರು ತರುವವಳಿಗೆ, ಹಾಗೆ ಮನೆಯಿಡೀ ಹರಡಿತು. ಮಾಸ್ತರರೂ ಮಲಗಿದರು. ಹಾಲವ್ವಜ್ಜಿ ಎಲ್ಲರಿಗಿಂತ ಹೆಚ್ಚು ಸೋತಳು. ಗಂಗಾ ಅಲ್ಲೇ ಉಳಿದುಬಿಟ್ಟಳು. ಬಾಗಿಲು ತೆಗೆದಳು, ನೀರು ತಂದಳು, ಒಲೆ ಹಚ್ಚಿದಳು, ಗಂಜಿ ಕಾಯಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ರೊಟ್ಟಿ ದಪ್ಪವಾಗುತ್ತಿತ್ತು, ಗಂಜಿ ತಳ ಹಿಡಿಯುತ್ತಿತ್ತು. ಯಾರೂ ಏನೂ ಅನ್ನಲಿಲ್ಲ, ಉಂಡರು.

ನಾನು ದಿನವೂ ಶಾಲೆಗೆ ಹೋದೆ. ಮೊದಲ ದಿನ ಮಕ್ಕಳನ್ನು ಸುಮ್ಮನಿರಿಸಲು ಹೊಂಡದ ನೀರು ತಂದು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಆಮೇಲೆ ಅವರೇ ಬಿಡಲಿಲ್ಲ, ಕಲಿಸುವ ಹೆಂಗಸೆಂದು ನನ್ನನ್ನು ಬಾಯಾರ ಎಂದು ಕರೆಯತೊಡಗಿದರು. ದಿನ್ನೆ ಓಣಿಯ ಮಕ್ಕಳೆಲ್ಲ ಸಾಲಾಗಿ ನಿಂತು, ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿಕೊಂಡು ನೋಡುತ್ತಿದ್ದರು. ಅವರಲ್ಲಿ ಒಬ್ಬ ಹುಡುಗಿ, ತುಳಜವ್ವ ಎಂದು ಅವಳ ಹೆಸರು, ಒಂದು ಜೀವ ಎರಡಾದದ್ದನ್ನು ಕಂಡು ಗಾಬರಿಯಾಗಿ ತಲೆಯೆತ್ತಿದಳು.

"ಬಾಯಾರ, ಇವುಗಳ ಅವ್ವ ಎಲ್ಲಿ ಹೋದ್ಲರಿ?"

"ಎಲ್ಲೂ ಹೋಗಿಲ್ಲ. ಅವ್ವನ ಇವೆರಡೂ ಆಗ್ಯಾಳ."

"ಹಂಗಾರ ಸತ್ತಿಲ್ಲೇನ್ರಿ?"

"ಸತ್ತಿದ್ರ ಹೆಣ ಇರಬೇಕಲ್ಲ. ಎಲ್ಲೈತಿ ಹುಡುಕು."

ಅವಳು ಮತ್ತೆ ಕಣ್ಣಿಟ್ಟು ಹುಡುಕಿದಳು. ಹುಡುಕುತ್ತಿದ್ದಂತೆ ಬಿಸಿಲಿಗೆ ಹನಿ ಒಣಗತೊಡಗಿತು. ಜೀವಗಳು ಅಂಚಿನಿಂದ ನಡುವಿಗೆ ಓಡಿ ಬಂದವು, ತಿರುಗಿದವು, ನಿಂತುಬಿಟ್ಟವು. "ಬಾಯಾರ, ನೀರ ಹಾಕ್ರಿ! ನೀರ ಹಾಕ್ರಿ!" ಎಂದು ಕಿರುಚಿದಳು. ನಾನು ಹಾಕುವಷ್ಟರಲ್ಲಿ ಹೊತ್ತಾಗಿತ್ತು. ಒಂದೇ ಕೋಶದವು ಸಾಯುವುದೇ ಇಲ್ಲ ಎಂದು ಹೇಳಲು ಹೊರಟಿದ್ದ ನಾನು ಮಾತು ತಿದ್ದಿಕೊಂಡೆ. ಮುದಿತನದಿಂದ ಸಾಯುವುದಿಲ್ಲ, ನೀರು ಆರಿದರೆ ಸಾಯುತ್ತವೆ ಎಂದೆ. "ಮತ್ತ ನಮ್ಮಂಥಾವು?" ಎಂದು ಕೇಳಿದಳು ತುಳಜವ್ವ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಮಕ್ಕಳು ಅದನ್ನೂ ಖುಷಿಯಿಂದ ಕೇಳಿದರು. ಆ ಸಂಜೆ ಮನೆಗೆ ಬರುವಾಗ, ನಾಳೆ ಅವರಿಗೆ ಏನು ತೋರಿಸಲಿ ಎಂದೇ ಯೋಚಿಸುತ್ತಿದ್ದೆ. ಜೊಂಡಿನ ಬೇರು, ಕೋಳಿಯ ರೆಕ್ಕೆ, ಮೊಸರಿನ ನೀರು. ಹಳ್ಳ ದಾಟಿದ ಮೇಲೆ ನೆನಪಾಯಿತು, ಅಂದು ಇಡೀ ದಿನ ಒಮ್ಮೆಯೂ ಮಾಸ್ತರರ ಬಗ್ಗೆ ಯೋಚಿಸಿರಲಿಲ್ಲ. ಮಾಸ್ತರರು ಹೇಗಿದ್ದಾರೆಂದು ಗಂಗಾ ದಿನವೂ ಹೇಳಿ ಕಳಿಸುತ್ತಿದ್ದಳು, ನಾನು ಕೇಳಿ ಸಮಾಧಾನಪಡುತ್ತಿದ್ದೆ. ಆದರೆ ಎದೆಯೊಳಗಿನ ಆ ಪ್ರೀತಿ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತ್ತು. ಗಂಗಾಳ ಪ್ರೀತಿಗೆ ದಿನವೂ ಕೂಳು ನೀರು ಸಿಗುತ್ತಿತ್ತು.

ಜ್ವರ ಇಳಿಯಿತು. ಕಲ್ಲಪ್ಪ ಕಾಕಾ ಎದ್ದು ಗೋಡೆ ಹಿಡಿದು ನಡೆದು ಬಂದು, ಮೊದಲು ಅಗಳಿ ಮುಟ್ಟಿ ನೋಡಿದ. ಸರಿಯಾಗಿತ್ತು. ಹಾಲವ್ವಜ್ಜಿ ನಮ್ಮಿಬ್ಬರನ್ನೂ ಬರಹೇಳಿದಳು. ಗಂಗಾ ಸ್ನಾನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಒಂದೇ ಬಗೆಯ ಸೀರೆ ಉಟ್ಟು, ಒಂದೇ ಬಗೆಯಾಗಿ ತಲೆ ಬಾಚಿಕೊಂಡು ಹೋದೆವು. ಯಾರು ಯಾರೆಂದು ಅವರೇ ಹೇಳಲಿ ಎಂಬ ಹಟ. ಪಡಸಾಲೆಯಲ್ಲಿ ಮಾಸ್ತರರು ರಗ್ಗು ಹೊದ್ದು ಕುಳಿತಿದ್ದರು. ನಮ್ಮನ್ನು ಕಂಡದ್ದೇ, "ಗಂಗಾ, ಕಾಕಾಂದು ಗುಳಿಗಿ ಹೊತ್ತಾತು," ಎಂದರು. ನೇರವಾಗಿ ಅವಳನ್ನೇ ನೋಡಿ ಅಂದರು.

"ಹ್ಯಾಂಗ ಗುರ್ತಾ ಹಿಡಿದ್ರಿ?" ಎಂದು ಕೇಳಿದೆ.

ಅವರಿಗೇ ಆಶ್ಚರ್ಯವಾಗಿತ್ತು. "ಹೊಸ್ತಲಾ ದಾಟುವಾಗ ಆಕಿ ಕೆಳಗ ನೋಡ್ಲಿಲ್ಲ. ಮನಿಯವರು ನೋಡೂದಿಲ್ಲ," ಎಂದರು. "ನೀವು ನೋಡಿದ್ರಿ."

ಹಾಲವ್ವಜ್ಜಿ ಹಾಸಿಗೆಯ ಮೇಲೆ ಕುಳಿತು, ತನ್ನ ಬಿಳಿ ಜಡೆಯನ್ನು ಮುಂದಕ್ಕೆ ತಂದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ಯಾವಾಕಿ ಬರ್ತಾಳೋ ಬರ್ಲಿ, ನಾ ಬ್ಯಾಡನ್ನೂದಿಲ್ಲ. ಆದ್ರ ಒಂದ ಮಾತ ತಿಳಕೋರಿ. ನಮ್ಮತ್ತಿ ನಿಮ್ಮ ಓಣ್ಯಾಕಿ. ಈ ಮನಿಗೆ ಬಂದು ಇವರ ಕೂಡ ಕೂಡಿದ ಮ್ಯಾಲ ಆಕಿ ಮತ್ತ ಎರಡಾಗಲಿಲ್ಲ. ಹಡದ್ಲು. ಕೂದಲ ಬೆಳ್ಳಗಾತು. ನನ್ನ ತೊಡೀ ಮ್ಯಾಲ ತಲಿ ಇಟ್ಟ ಜೀವ ಬಿಟ್ಲು. ಆಕಿದು ಅಂತ ಇನ್ನೊಂದ ಅರ್ಧ ಎಲ್ಲೂ ಉಳೀಲಿಲ್ಲ. ನಾವ ಉಳದೀವಿ, ಅಷ್ಟ. ತಗ್ಗಿನ್ಯಾಗ ಇದ್ರ ನೀವು ಎಂದೂ ಮುದುಕ್ಯಾರ ಆಗೂದಿಲ್ಲ. ವಿಚಾರ ಮಾಡ್ರಿ."

ತುಳಜವ್ವ ಕೇಳಿದ ಪ್ರಶ್ನೆಗೆ ಉತ್ತರ ಇದೇ ಎಂದು ನನಗೆ ಹೊಳೆಯಿತು. ನಾನು ವಿಚಾರ ಮಾಡಿದೆ. ನನಗೆ ಹೆದರಿಕೆಯಾಯಿತು, ನಿಜ. ಮುಗಿದುಹೋಗುವುದೆಂದರೆ ಏನೆಂದು ನಮ್ಮವರಿಗೆ ರೂಢಿಯಿಲ್ಲ. ಪಕ್ಕಕ್ಕೆ ನೋಡಿದೆ. ಗಂಗಾ ಹೆದರಿರಲಿಲ್ಲ. ಅವಳು ಅಜ್ಜಿಯ ಕೈ ನೋಡುತ್ತಿದ್ದಳು. ಅಷ್ಟು ದಿನ ಗಂಜಿ ಕುಡಿಸುವಾಗ ಹಿಡಿದುಕೊಂಡಿದ್ದ ಸುಕ್ಕುಗಟ್ಟಿದ ಕೈ. ಎರಡಾದ ಮೇಲೆ ಮೊದಲ ಸಲ ಅವಳು ಏನು ಯೋಚಿಸುತ್ತಿದ್ದಾಳೆಂದು ನನಗೆ ಗೊತ್ತಾಗಲಿಲ್ಲ.

"ನಾ ಮುದುಕಿ ಆಗ್ತೀನಿ, ಆಯಿ," ಎಂದಳು ಗಂಗಾ.

ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಒಂದು ಕೊಡ ಹೊತ್ತುಕೊಂಡು ಬಹಳ ದೂರ ಬಂದು, ಇಳಿಸಿದಾಗ ಆಗುತ್ತದಲ್ಲ, ಹಾಗೆ ಆಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಮಾಸ್ತರರ ಕಡೆ ತಿರುಗಿ ಕೈಮುಗಿದೆ.

"ನನಗ ಮಾಸ್ತರ ಬ್ಯಾಡ್ರಿ. ನನಗ ಮಾಸ್ತರಕಿ ಕೊಡ್ರಿ."

ಮೊದಲು ನಕ್ಕದ್ದು ಹಾಲವ್ವಜ್ಜಿ, ಕೆಮ್ಮುತ್ತ ನಕ್ಕಳು. ಆಮೇಲೆ ಮಾಸ್ತರರು. ಸಣ್ಣ ಮಕ್ಕಳ ಗುಂಪೊಂದು, ದೊಡ್ಡ ಮಕ್ಕಳ ಗುಂಪೊಂದು ಮಾಡಿ ಶಾಲೆ ಹಂಚಿಕೊಳ್ಳೋಣ, ತಿರುಪು ಬಿಗಿಯಾದಾಗ ತಿರುಗಿಸಲು ಅಲ್ಲಿ ಒಬ್ಬರು ಬೇಕೇ ಬೇಕು ಎಂದು ಅವರೇ ಹೇಳಿದರು. ಆದರೆ ಕಲ್ಲಪ್ಪ ಕಾಕಾ ನಗಲಿಲ್ಲ. ಅವನು ಬಾಗಿಲಲ್ಲೇ ನಿಂತು ಕೇಳಿದ, "ಅದೆಲ್ಲಾ ಸರಿ. ಈ ಮನ್ಯಾಗ ಒಬ್ಬರಿಗೆ ಒಂದ ಕೆಲಸ. ಗಂಗಾನ ಕೆಲಸ ಯಾವುದು?"

ಉಪ್ಪಿಗೆ ಅಜ್ಜಿ ಇದ್ದಳು, ಒಲೆಗೆ ಫಕೀರವ್ವ ಇದ್ದಳು, ನೀರಿಗೆ, ರೊಟ್ಟಿಗೆ, ಗುಂಡಿಗೆ ಎಲ್ಲದಕ್ಕೂ ಜನರಿದ್ದರು. ಗಂಗಾ ಸ್ವಲ್ಪ ಯೋಚಿಸಿದಳು. "ಯಾರು ಮಲಗ್ತಾರೋ ಅವರ ಕೆಲಸ," ಎಂದಳು. "ಎಲ್ಲಾರೂ ಎದ್ದಿದ್ರ ನಾ ಸುಮ್ಮನ ಕೂಡ್ತೀನಿ. ಸುಮ್ಮನ ಕೂಡೂದೂ ನನ್ನ ಕೆಲಸನ."

ಕಾಕಾ ತನ್ನ ಅಗಳಿಯ ಕಡೆ ನೋಡಿದ. ತಾನು ಮಲಗಿದ್ದಾಗ ಅದನ್ನು ತೆಗೆದದ್ದು, ಹಾಕಿದ್ದು ಯಾರೆಂದು ಅವನಿಗೆ ಗೊತ್ತಿತ್ತು. "ಇಂಥಾ ಒಬ್ಬಾಕಿ ಮೊದಲ ಇರಬೇಕಾಗಿತ್ತು," ಎಂದು ಗೊಣಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಹಂದರದ ಗಳಗಳು ಮತ್ತೆ ನಿಂತವು. ಗುರು ಹಂದರ ಮೂಡಣಕ್ಕಿರಲಿ ಎಂದ, ಶಾಂತ ಪಡುವಣಕ್ಕಿರಲಿ ಎಂದ. ಅವರು ಮತ್ತೆ ಒಪ್ಪದಂತಾದದ್ದು ನೋಡಿ ಊರಿಗೆಲ್ಲ ಸಮಾಧಾನವಾಯಿತು. ಮದುವೆಯ ದಿನ ಗಂಗಾಳಿಗೆ ನಾನೇ ಹೂ ಮುಡಿಸಿದೆ. ಮಾಸ್ತರರು ತಾಳಿ ಕಟ್ಟಬೇಕಾದಾಗ ಗಂಟು ಹಾಕಲು ಬರದೆ ಒದ್ದಾಡಿದರು. ಗಂಗಾ ತಲೆ ಬಗ್ಗಿಸಿಕೊಂಡೇ ಕೈ ಹಿಂದೆ ಮಾಡಿ, ಅವರ ಬೆರಳು ಹಿಡಿದು ಗಂಟು ಹಾಕಿಸಿಕೊಂಡಳು. ಮಕ್ಕಳು ಚಪ್ಪಾಳೆ ತಟ್ಟಿದರು. ಊಟಕ್ಕೆ ನಾನು ಒಂದೇ ಹೋಳು ಹೋಳಿಗೆ ಹಾಕಿಸಿಕೊಂಡೆ. ಮರುದಿನ ಪಾಠವಿತ್ತು, ಒಬ್ಬಳೇ ಆಗಿ ಹೋಗಬೇಕಿತ್ತು.

ಇದೆಲ್ಲ ಆಗಿ ವರ್ಷಗಳಾದವು. ಗಂಗಾಳಿಗೆ ಒಬ್ಬ ಮಗಳಿದ್ದಾಳೆ. ಯಾರ ಅರ್ಧವೂ ಅಲ್ಲದ, ಎಲ್ಲರನ್ನೂ ಸ್ವಲ್ಪ ಸ್ವಲ್ಪ ಹೋಲುವ ಹುಡುಗಿ. ಅವಳನ್ನು ಶಾಲೆಗೆ ಸೇರಿಸಲು ಮೊನ್ನೆ ಗಂಗಾ ಬಂದಳು. ನಾನು ಕರಿಹಲಗೆ ಒರೆಸುತ್ತಿದ್ದೆ. ಹತ್ತಿರ ಬಂದವಳೇ ತಲೆ ಬಗ್ಗಿಸಿ, ಬೈತಲೆಯ ಪಕ್ಕ ಬೆರಳಿಟ್ಟು ತೋರಿಸಿದಳು.

"ನೋಡ, ಬಂತು."

ಒಂದು ಬಿಳಿ ಕೂದಲು. ಬೆಳಕಿಗೆ ಹಿಡಿದು ನೋಡಿದೆ. "ಕೀಳ್ಲೇನು?" ಎಂದೆ.

"ಛೆ, ಕೀಳಬ್ಯಾಡ. ಮನ್ಯಾಗ ಎಲ್ಲಾರಿಗೂ ತೋರಿಸೇನಿ. ನಿನಗ ತೋರಸೂದ ಬಾಕಿ ಇತ್ತು," ಎಂದಳು. ಬಹುಮಾನ ಬಂದವಳ ಹಾಗೆ ನಗುತ್ತಿದ್ದಳು. ಕಣ್ಣಿನ ಅಂಚಿನಲ್ಲಿ ಸಣ್ಣ ಗೆರೆಗಳಿದ್ದವು. ಒಂದೇ ಮಧ್ಯಾಹ್ನ, ಒಂದೇ ಹಾಸಿಗೆಯಿಂದ ಎದ್ದವರು ನಾವು. ಈಗ ಅವಳು ಮುಂದೆ ಹೋಗಿದ್ದಳು. ತಗ್ಗಿನ ಓಣಿಯಲ್ಲಿ ಯಾರೂ ಯಾರಿಗೂ ಹಿರಿಯರಲ್ಲ. ದಿನ್ನೆಯ ಮಕ್ಕಳು ದಿನವಿಡೀ ಕೂಗುವ ಆ ಮಾತು ನನ್ನ ಬಾಯಿಗೆ ಎಂದೂ ಬಂದಿರಲಿಲ್ಲ. ಹೇಳಲು ಬರುತ್ತದೋ ಇಲ್ಲವೋ ಎಂದು ಮನಸ್ಸಿನಲ್ಲೇ ಒಮ್ಮೆ ಅಂದು ನೋಡಿಕೊಂಡೆ. ಆಮೇಲೆ ಕುರ್ಚಿಯನ್ನು ಅವಳ ಕಡೆಗೆ ಎಳೆದು, ಮೇಲಿದ್ದ ಸೀಮೆಸುಣ್ಣದ ಪುಡಿ ಸೆರಗಿನಿಂದ ಒರೆಸಿದೆ.

"ಕೂಡು, ಅಕ್ಕಾ," ಎಂದೆ.